ಕಪಾಟಿಗೆ ಹೋದ ಸೀಲು

ಬಂಡ್ರಿಯ ಸೇವಾ ಕೇಂದ್ರದ ಹಳೆಯ ಕಂಪ್ಯೂಟರನ್ನು ರಿಪೇರಿ ಮಾಡಲು ನಾನು ಆಗಾಗ ಹೊಸಪೇಟೆಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಮೆಮೊರಿ ತುಂಬುವುದೇ ಅದರ ತೊಂದರೆ ಎಂದುಕೊಂಡು, ಐದೈದು ನಿಮಿಷಕ್ಕೆ ಅದನ್ನು ಖಾಲಿ ಮಾಡುವ ಸಣ್ಣ ಪ್ರೋಗ್ರಾಮು ಬರೆದಿಟ್ಟಿದ್ದೆ. ಕಂಪ್ಯೂಟರು ಇನ್ನಷ್ಟು ನಿಧಾನವಾಯಿತು.

ನಾನು ಮತ್ತೆ ಹೋದಂದೇ ಪಿಂಚಣಿ ಅರ್ಜಿಗೆ ಕೊನೆಯ ದಿನ. ಬೆಳಿಗ್ಗೆಯಿಂದ ಕಾದಿದ್ದ ಅಜ್ಜಿಯೊಬ್ಬಳು, "ಎಷ್ಟೊತ್ತಪ್ಪಾ? ನಿನ್ನ ಮಷೀನು ನನಗಿಂತ ಮುದಿ ಆಗೈತೇನು?" ಎಂದಳು.

ನಾಚಿಕೆಗೆ ಏನಾದರೂ ಮಾಡಬೇಕೆನಿಸಿ ಮೇಜು ಒಪ್ಪ ಮಾಡಿದೆ. ಸೀಲು, ಇಂಕ್ ಪ್ಯಾಡು, ಸ್ಟೇಪ್ಲರು ಎಲ್ಲ ಕಪಾಟಿಗೆ ಸೇರಿದವು. ಕೇಂದ್ರದ ಆಪರೇಟರಮ್ಮ ಹಣೆ ಚಚ್ಚಿಕೊಂಡರು.

"ಅಯ್ಯ ಸರ, ಕೈಗೆ ಬೇಕಾಗಿದ್ದನ್ನೇ ಯಾಕ ಒಳಗ ಇಟ್ರಿ? ಜಾಗ ಬೇಕಂದ್ರ ಹೋದ ವರ್ಷದ ಫೈಲು ತೆಗೀರಿ!"

ನನ್ನ ಪ್ರೋಗ್ರಾಮೂ ಇದನ್ನೇ ಮಾಡುತ್ತಿತ್ತು. ಮರುಕ್ಷಣ ಬೇಕಾಗುವುದನ್ನೂ ಹೊರಹಾಕಿ, ಮತ್ತೆ ಡಿಸ್ಕಿನಿಂದ ಹುಡುಕಿ ತರಿಸುತ್ತಿತ್ತು. ಅದನ್ನು ಅಳಿಸಿದೆ. ಬಹಳ ಹೊತ್ತು ಯಾರೂ ಮುಟ್ಟದ್ದನ್ನು ಆರಿಸಿ ತೆಗೆಯುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ಗೆ ಮೊದಲೇ ಗೊತ್ತು. ಆ ಕೆಲಸವನ್ನು ಮೆಮೊರಿ ಪೂರ್ತಿ ತುಂಬುವ ಮುಂಚೆಯೇ ಶುರು ಮಾಡುವಂತೆ ಅದರ ಸೆಟ್ಟಿಂಗಿನಲ್ಲಿ ಒಂದು ಸಂಖ್ಯೆ ಬದಲಿಸಿದೆ, ಅಷ್ಟೇ.

ಸ್ವಲ್ಪ ಹೊತ್ತಿಗೆ ಅಜ್ಜಿಯ ರಸೀದಿ ಬಂತು. ಆಪರೇಟರಮ್ಮ ಸೀಲಿಗಾಗಿ ಮೇಜು ತಡವಿ, ನನ್ನ ಮುಖ ನೋಡಿದರು. ನಾನೇ ಎದ್ದು ಹೋಗಿ ಕಪಾಟು ತೆಗೆದೆ.