ಬೀಗದ ಮಾವನ ಮನೆಗೆ ಕಾವಲು ನಾಯಿ

ನನ್ನ ಸೋದರಮಾವನಿಗೆ ನಾಯಿಯ ಭಯವೇನೂ ಇಲ್ಲ. ಅವನಿಗಿರುವ ಭಯ ಒಂದೇ, ಜನ ಏನಂದಾರು ಎಂಬುದು. ಮೂವತ್ತೆಂಟು ವರ್ಷದಿಂದ ಬೀಗ ಮಾಡುತ್ತಾನೆ, ರಿಪೇರಿ ಮಾಡುತ್ತಾನೆ. ಊರಿಗೆಲ್ಲ ಅವನು ಬೀಗದ ಮಾವ. ಬಸ್ ನಿಲ್ದಾಣದ ಹಿಂದೆ ಎರಡು ಹೆಜ್ಜೆ ಅಗಲದ ಅಂಗಡಿ, ಗೋಡೆ ತುಂಬ ಮೊಳೆಗೆ ನೇತುಹಾಕಿದ ಕೀಲಿಗಳು. ಅಲ್ಲಿ ಕೂತು ಅರ ಉಜ್ಜುತ್ತಾ, ನನ್ನ ಬೀಗ ಹಾಕಿದ ಮೇಲೆ ಗಾಳಿಯೂ ಅಪ್ಪಣೆ ಕೇಳಿಯೇ ಒಳಗೆ ಬರಬೇಕು ಎಂದು ಕೊಚ್ಚಿಕೊಳ್ಳುತ್ತಾನೆ.

ಬರೀ ಮಾತಲ್ಲ. ತನ್ನ ಮನೆಯ ಮುಂಬಾಗಿಲಿಗೇ ಐದು ಬೀಗ ಕೂರಿಸಿದ್ದ. ಒಳಗಿನಿಂದಲೂ ಕೀಲಿ, ಹೊರಗಿನಿಂದಲೂ ಕೀಲಿ. ಎರಡು ಬಲಕ್ಕೆ ತಿರುಗುತ್ತವೆ, ಮೂರು ಎಡಕ್ಕೆ. ನಾಲ್ಕನೆಯದಕ್ಕೆ ಬಾಗಿಲನ್ನು ಮಂಡಿಯಿಂದ ಬೇರೆ ಒತ್ತಬೇಕು. ಯಾವ ಗಿರಾಕಿಗಾದರೂ ಅನುಮಾನ ಬಂದರೆ ಮನೆಗೇ ಕರೆತಂದು ತೋರಿಸುತ್ತಿದ್ದ.

ಇಂಥವನಿಗೆ ನನ್ನ ಅತ್ತೆ ಒಂದು ಭಾನುವಾರ ಮಧ್ಯಾಹ್ನ ಊಟ ಬಡಿಸುತ್ತಾ, "ರೀ, ನಮಗೊಂದು ಕಾವಲು ನಾಯಿ ಬೇಕು" ಎಂದಳು.

ಮಾವ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. "ಕಾವಲು ನಾಯಿನಾ? ಬೀಗದವನ ಮನೇಲಾ? ಇವನ ಬೀಗದ ಮೇಲೆ ಇವನಿಗೇ ನಂಬಿಕೆ ಇಲ್ಲ ಅಂತ ಜನ ಆಡ್ಕೊಳ್ಳಲ್ವಾ? ಇಷ್ಟು ವರ್ಷದ ಹೆಸರು ಮಣ್ಣುಪಾಲು ಮಾಡ್ತೀಯಾ?"

"ನಂಗೆ ಬೇಕು," ಎಂದು ಅತ್ತೆ ಇನ್ನಷ್ಟು ಅನ್ನ ಹಾಕಿದಳು. ಯಾಕೆ ಬೇಕು ಎಂದು ಮಾವ ಕೇಳಲಿಲ್ಲ. ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ನಾನೂ ಕೇಳಲಿಲ್ಲ. ಕಾವಲು ನಾಯಿ ಅಂದಮೇಲೆ ಕಳ್ಳರ ಭಯಕ್ಕೆ ಅಂದುಕೊಂಡೆವು.

ನಾಲ್ಕು ದಿನ ಇಬ್ಬರಿಗೂ ಮಾತಿಲ್ಲ. ಐದನೆಯ ದಿನ ಮಾವ ರಾಜಿಗೆ ಬಂದ. ನಾಯಿ ತರೋಣ, ಆದರೆ ಬೇಟೆ ಜಾತಿಯದು. ಬೇಟೆ ನಾಯಿ ಸಾಕಿದರೆ ಜನ ಷೋಕಿ ಅನ್ನುತ್ತಾರೆ, ಪುಕ್ಕಲುತನ ಅನ್ನುವುದಿಲ್ಲ.

"ನಮ್ಮನೇಲಿ ಅದು ಏನನ್ನ ಬೇಟೆ ಆಡುತ್ತೆ? ನಿಮ್ಮ ಚಪ್ಪಲೀನಾ?" ಎಂದಳು ಅತ್ತೆ.

ಜಗಳ ಡ್ರಿಲ್ ಮೇಷ್ಟ್ರ ಹತ್ತಿರ ಹೋಯಿತು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ನಾಯಿ ಸಾಕಿ ಮಾರುತ್ತಾರೆ. ಈಗಲೂ ಕೊರಳಲ್ಲಿ ಸೀಟಿ. ಅವರೆಂದರು: "ಕಾವಲು ಜಾತಿ ಕೂತಲ್ಲೇ ಕೂತಿದ್ದು, ಯೋಚನೆ ಮಾಡಿ ಕಚ್ಚುತ್ತೆ. ಬೇಟೆ ಜಾತಿ ಮೊದಲು ಓಡುತ್ತೆ, ಯಾಕೆ ಓಡಿದೆ ಅಂತ ಆಮೇಲೆ ನೋಡ್ಕೊಳ್ಳುತ್ತೆ. ಒಂದೊಂದು ವಾರ ಎರಡನ್ನೂ ಇಟ್ಕೊಂಡು ನೋಡಿ."

ಮೊದಲ ವಾರ ಮಾವನ ಹಟದಂತೆ ಬೇಟೆ ನಾಯಿ. ಹಿಡಿಯಷ್ಟು ಸೊಂಟ, ಉದ್ದ ಮೂತಿ, ನೆಲಕ್ಕೆ ಕಾಲೇ ತಾಗದಂಥ ನಡಿಗೆ. ಮಾವ ಎದೆಯುಬ್ಬಿಸಿಕೊಂಡು ಅದರೊಡನೆ ಬೀದಿ ಸುತ್ತಿದ. ಎರಡನೆಯ ದಿನ ಅದಕ್ಕೆ ಬೇಕರಿಯ ಬೆಕ್ಕು ಕಂಡಿತು. ಹಗ್ಗ ಬಿಡಬೇಕೆಂಬುದು ಮಾವನಿಗೆ ಹೊಳೆಯುವಷ್ಟರಲ್ಲಿ ಎರಡು ಅಂಗಳ, ಒಂದು ಚರಂಡಿ, ಯಾರದೋ ಒಣಹಾಕಿದ ಬಟ್ಟೆಯ ಸಾಲು ದಾಟಿಯಾಗಿತ್ತು. ಯಾರದೋ ಲಂಗವನ್ನು ಹೆಗಲ ಮೇಲೆ ಹೊದ್ದುಕೊಂಡೇ ಮನೆಗೆ ಬಂದ. ಮೂರನೆಯ ದಿನ ಒಳಗೆ ಕೂಡಿಹಾಕಿ ಐದೂ ಬೀಗ ಜಡಿದ. ನಾಯಿ ಅಡುಗೆಮನೆಯ ಕಿಟಕಿ ಹಾರಿ ಮತ್ತೆ ಬೇಕರಿಗೇ ಹೋಯಿತು.

"ಏನ್ ಮಾವ, ಐದು ಬೀಗದ ಮನೆಯಿಂದ ಇದು ಹೆಂಗೆ ಆಚೆ ಬಂತು?" ಎಂದು ಬೇಕರಿಯವನು ಹತ್ತು ಜನರೆದುರು ಕೇಳಿದ. ಅವತ್ತೇ ಬೇಟೆ ನಾಯಿ ಮೇಷ್ಟ್ರ ಮನೆಗೆ ವಾಪಸಾಯಿತು.

ಎರಡನೆಯ ವಾರ ಕಾವಲು ನಾಯಿ. ಬುಟ್ಟಿಯಷ್ಟು ತಲೆ, ನಿದ್ದೆಗಣ್ಣು. ಬಂದದ್ದೇ ಹೊಸ್ತಿಲಿಗೆ ಅಡ್ಡ ಮಲಗಿತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ಇದು ನಾಯಿಯೋ ದಿಂಬೋ ಎಂದು ಮಾವ ಮೂಗು ಮುರಿದ.

ನಾಲ್ಕನೆಯ ದಿನ ನಾನು ಅಂಗಡಿಯಲ್ಲಿದ್ದೆ. ಉಗ್ರಾಣಕ್ಕೆ ಬೀಗ ಬೇಕೆಂದಿದ್ದ ಬೇಕರಿಯವನು ಬಂದ. "ಮಾವ, ನಿಮ್ಮನೇಲೇ ಕಾವಲಿಗೆ ನಾಯಿ ಇಟ್ಟಿದ್ದೀರಂತೆ. ಹಂಗಿದ್ರೆ ನಂಗೂ ಬೀಗ ಬೇಡ, ಆ ಮೇಷ್ಟ್ರ ವಿಳಾಸ ಕೊಡಿ."

ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ಗಂಟೆಗೇ ಅಂಗಡಿ ಮುಚ್ಚಿ, ಸ್ಕ್ರೂ ಡ್ರೈವರ್ ಜೇಬಿನಲ್ಲೇ ಇಟ್ಟುಕೊಂಡು, ಈಗಲೇ ಆ ದಿಂಬನ್ನು ವಾಪಸ್ ಎಸೆದು ಬರುತ್ತೇನೆಂದು ಹೊರಟ. ನಾನು ಹಿಂದೆ ಓಡಿದೆ.

ಮನೆಯ ಬಾಗಿಲು ಹಾರು ಹೊಡೆದಿತ್ತು. ಹೊಸ್ತಿಲಲ್ಲಿ ನಾಯಿ. ಒಳಗೆ ಮಣೆಯ ಮೇಲೆ ಅತ್ತೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಾಳೆ, ಪಕ್ಕದಲ್ಲಿ ಎದುರು ಮನೆಯ ಟೈಲರಮ್ಮ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದಾರೆ. ಅತ್ತೆ ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

"ಬಾಗಿಲು ತೆಗೆದಿಟ್ಟಿದ್ದೀಯಾ?" ಮಾವ ಕಿರುಚಿದ.

"ನೀವು ಹೋದಾಗಿಂದ."

"ಕಳ್ಳ ಬಂದ್ರೆ?"

"ನಾಯಿ ಇದೆಯಲ್ಲಾ. ಅದಕ್ಕೇ ತಾನೇ ಕೇಳಿದ್ದು?"

"ಕಳ್ಳರಿಗೆ ಹೆದರಿ ಕೇಳಿದೆ ಅಂದ್ಕೊಂಡಿದ್ದೆ."

"ನಂಗ್ಯಾವ ಕಳ್ಳರ ಹೆದರಿಕೇರೀ?" ಅತ್ತೆ ಎರಡೂ ಕೈ ಎತ್ತಿ ತೋರಿಸಿದಳು. ಬೆರಳ ಗಿಣ್ಣುಗಳು ಊದಿಕೊಂಡಿದ್ದವು. "ಈ ಕೈಲಿ ಐದು ಬೀಗ ತೆಗೆಯೋಷ್ಟರಲ್ಲಿ ಬಾಗಿಲು ತಟ್ಟಿದವರು ಹೊರಟುಹೋಗಿರ್ತಾರೆ. ಇವಳು ಎದುರು ಮನೆಗೆ ಬಂದು ಆರು ವರ್ಷ ಆಯ್ತು, ಇವತ್ತು ಮೊದಲ ಸಲ ಒಳಗೆ ಬಂದಿದ್ದಾಳೆ. ನೀವು ಹೋದ್ರೆ ಸಂಜೆ ತನಕ ನಾನೊಬ್ಬಳೇ. ಬಾಗಿಲು ತೆಗೆದಿಡ್ತೀನಿ ಅಂದ್ರೆ ನೀವು ಕೇಳೋರಲ್ಲ. ನಾಯಿ ಇದ್ರಾದ್ರೂ ತೆಗೆದಿಡಬಹುದು ಅನ್ಸ್ತು."

ನನಗೆ ನಾಚಿಕೆಯಾಯಿತು. ಬಾಗಿಲು ತೆಗೆಯಲು ತಡವಾದಾಗಲೆಲ್ಲ, ಅತ್ತೆಗೆ ಕಿವಿ ಮಂದವಾಯಿತೇನೋ ಎಂದು ಗೊಣಗಿದವಳು ನಾನು. ಮಾವ ಅವಳ ಕೈಯನ್ನೇ ನೋಡುತ್ತಾ ನಿಂತ. ಊರಿನ ಕೀಲಿಯೆಲ್ಲ ಅಳೆದವನು ಆ ಬೆರಳುಗಳನ್ನು ಇದೇ ಮೊದಲು ಕಂಡಂತಿತ್ತು.

"ಜನ ಏನಾದ್ರೂ ಅಂದ್ಕೊಳ್ಲಿ," ಎಂದ ಕೊನೆಗೆ. ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು, ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು, ಮೊದಲನೆಯ ಬೀಗದ ತಿರುಪಿಗೆ ಇಟ್ಟ.

ನಾಲ್ಕು ದಿನ ತೆಪ್ಪಗಿದ್ದ ನಾಯಿ ಎದ್ದು ನಿಂತಿತು. ಗುಡುಗಿನಂಥ ಸದ್ದು ಮಾಡಿ, ಮಾವನ ಮುಂಗೈ ಹತ್ತಿರ ಬಾಯಿ ತೆರೆದು ನಿಂತಿತು. ಬೀಗಕ್ಕೆ ಕೈ ಹಾಕುವವರನ್ನು ಅದು ಸುಮ್ಮನೆ ಬಿಡುತ್ತದೆಯೇ? ಮಾವ ಸ್ಕ್ರೂ ಡ್ರೈವರ್ ಕೈಬಿಟ್ಟ.

"ಲೇ, ಇದಕ್ಕೆ ಹೇಳೇ!"

ಅತ್ತೆ ಕೈಯಲ್ಲಿದ್ದ ಹುರುಳಿಕಾಯಿಯನ್ನು ಸಾವಕಾಶವಾಗಿ ಬಿಡಿಸಿ ಮುಗಿಸಿದಳು. ಆಮೇಲೆ ಎದ್ದು ಬಂದು ನಾಯಿಯ ತಲೆ ಸವರಿ, "ಬಿಡು ಮಗಾ, ಬಿಚ್ಚಲಿ. ನಮ್ಮವರೇ" ಎಂದಳು.