ಹುಕ್ಕೇರಿಯ ಹಿತ್ತಲಿನಲ್ಲಿ ಹೊತ್ತಿದ ಒಲೆ

೨೦೧೯ರಲ್ಲಿ ನಾನು ಗೋಕಾಕದಲ್ಲಿ ಕೈಗಾರಿಕಾ ವಿಸ್ತರಣಾಧಿಕಾರಿಯಾಗಿದ್ದೆ. ಸಣ್ಣ ಉದ್ಯಮ ಆರಂಭಿಸುವವರಿಗೆ ತರಬೇತಿ, ಮಷಿನ್, ಸಬ್ಸಿಡಿಗಳ ದಾರಿ ತೋರಿಸುವುದು ನನ್ನ ಕೆಲಸ. ನಮ್ಮಲ್ಲಿ ಒಟ್ಟಿಗೆ ತರಬೇತಿ ಪಡೆದ ಇಬ್ಬರು ಹೆಣ್ಣುಮಕ್ಕಳು ಖಡಕ್ ರೊಟ್ಟಿಯ ಘಟಕ ತೆರೆದಿದ್ದರು. ಗೋಕಾಕದಲ್ಲಿ ರಜಿಯಾ, ಮೂಡಲಗಿಯಲ್ಲಿ ಮಹಾದೇವಿ. ಒಬ್ಬರ ಮೇಲೊಬ್ಬರಿಗೆ ಸದಾ ಕಣ್ಣು. ಮಹಾದೇವಿ ರೊಟ್ಟಿಯನ್ನು ಹಪ್ಪಳದಷ್ಟು ತೆಳ್ಳಗೆ ಮಾಡಿದರೆ, ರಜಿಯಾ ಎಳ್ಳು ಹಚ್ಚಿ ಗಿರಾಕಿಗಳನ್ನು ಎಳೆಯುತ್ತಿದ್ದಳು. ಈ ಜಿದ್ದಿನಿಂದಲೇ ಇಬ್ಬರ ವ್ಯಾಪಾರವೂ ಕುದುರಿತು.

ಆ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿತು. ಹಿಟ್ಟು ನಾದುವ ಮಷಿನ್ ಉಳಿಸಲೆಂದು ರಜಿಯಾಳ ಗಂಡ ಮೌಲಾ ಮತ್ತೆ ಶೆಡ್ಡಿನೊಳಗೆ ಹೋದ. ನೆನೆದ ಗೋಡೆ ಅವನ ಮೇಲೆ ಕುಸಿಯಿತು, ಅವನು ಉಳಿಯಲಿಲ್ಲ. ನೀರು ಇಳಿದ ಮೇಲೆ ನಾನು ಪರಿಶೀಲನೆಗೆ ಹೋದಾಗ ಜೋಳದ ಚೀಲಗಳು ಕೊಳೆತು ನಾರುತ್ತಿದ್ದವು. ರಜಿಯಾ ಹುಕ್ಕೇರಿಯ ತವರಿಗೆ ಹೋಗಿದ್ದಳು. ಇದ್ದತ್ತಿನ ಶೋಕದ ತಿಂಗಳುಗಳಲ್ಲಿ ಅವಳು ಹೊರಗೆ ಬರುವಂತಿರಲಿಲ್ಲ. ಅಂಗಡಿಯವರು ಕಾಯಲಿಲ್ಲ. ಅವಳ ಗಿರಾಕಿಗಳೆಲ್ಲ ಮಹಾದೇವಿಯ ಕಡೆ ಹೊರಳಿದರು.

ಇದ್ದತ್ತು ಮುಗಿದ ಮೇಲೆ ಮಹಾದೇವಿಯೇ ನನ್ನನ್ನು ಹುಕ್ಕೇರಿಗೆ ಕರೆದುಕೊಂಡು ಹೋದಳು. ತನ್ನ ಶೆಡ್ಡಿನಲ್ಲೇ ಅರ್ಧ ಜಾಗ ಕೊಡುತ್ತೇನೆ, ಕೂಡಿ ಮಾಡೋಣ ಎಂದು ಕೇಳಿಕೊಂಡಳು. ರಜಿಯಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು.

“ನಿನ್ನ ಕನಿಕರ ಬ್ಯಾಡ ಮಹಾದೇವಿ. ಮೊದ್ಲಿನಂಗ ಜಿದ್ದಿಗೆ ಬೀಳು. ನನ್ನ ಗಿರಾಕಿ ನಾನ ತಿರುಗಿ ತಗೋತೇನಿ.”

ಮಹಾದೇವಿ ಬಸ್ಸಿನಲ್ಲಿ ಮೂಡಲಗಿ ಮುಟ್ಟುವವರೆಗೂ ಅತ್ತಳು. ಆದರೆ ಮುಂದೆ ಒಂದು ಅಂಗಡಿಯನ್ನೂ ಸುಮ್ಮನೆ ಬಿಟ್ಟುಕೊಡಲಿಲ್ಲ.

ರಜಿಯಾ ತವರಿನ ಹಿತ್ತಲಿನಲ್ಲಿ ಒಲೆ ಹಚ್ಚಿದಳು. ನಾನು ಹೊಸ ಮಷಿನ್ನಿನ ಮಾತೆತ್ತಿದಾಗ ಮುಖ ತಿರುಗಿಸಿದಳು. ಕೈಯಲ್ಲೇ ತಟ್ಟಿದಳು, ಅಕ್ಕಪಕ್ಕದ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಳು. ಕೈರೊಟ್ಟಿಯ ರುಚಿಗೆ ಖಾನಾವಳಿಗಳು, ಮದುವೆ ಮನೆಗಳು ಒಂದೊಂದಾಗಿ ಮರಳಿದವು. ನಾನು ನಿವೃತ್ತನಾಗುವ ವರ್ಷ, ಮೂಡಲಗಿಯ ದೊಡ್ಡ ಖಾನಾವಳಿಯೂ ಮಹಾದೇವಿಯನ್ನು ಬಿಟ್ಟು ರಜಿಯಾಳ ರೊಟ್ಟಿ ತರಿಸತೊಡಗಿತು.

ಅಭಿನಂದಿಸಲು ಹೋದೆ. ಹೆಂಗಸರೆಲ್ಲ ಕೆಲಸ ಮುಗಿಸಿ ಹೋಗಿದ್ದರು. ರಜಿಯಾ ಆರಿದ ಒಲೆಯ ಮುಂದೆ ಒಬ್ಬಳೇ ಕೂತಿದ್ದಳು.

“ಗೆದ್ದೆ ನೋಡ್ರಿ ಸಾಹೇಬ್ರ. ಇನ್ನ ನಾಳೆ ಮುಂಜಾನೆ ಯಾತಕ್ಕ ಏಳೂದ್ರಿ?”

ಅಷ್ಟು ವರ್ಷ ನಾನು ಕಂಡಿರದ ಅಳು ಅವಳಿಗೆ ಅಂದು ಬಂತು. ಮೌಲಾ ಸತ್ತದ್ದು ಆಗಷ್ಟೇ ಅವಳಿಗೆ ಮುಟ್ಟಿದಂತಿತ್ತು. ನಾನು ಎದ್ದು ಬಂದೆ. ಹಲವು ದಿನ ಅವಳು ಒಲೆ ಹಚ್ಚಲಿಲ್ಲವೆಂದು ಕೇಳಿದೆ.

ಅಷ್ಟರಲ್ಲಿ ಮಹಾದೇವಿ ಮೆಂತ್ಯಸೊಪ್ಪು ಹಾಕಿದ ಸಜ್ಜೆ ರೊಟ್ಟಿಯನ್ನು ಹುಕ್ಕೇರಿ ಪೇಟೆಗೇ ತಂದಿಳಿಸಿದಳು. ನಾನು ಒಂದು ಪೊಟ್ಟಣ ಒಯ್ದು ರಜಿಯಾಳ ಮುಂದಿಟ್ಟೆ. ಅವಳು ಒಂದು ಚೂರು ಮುರಿದು ಬಹಳ ಹೊತ್ತು ಅಗಿದಳು. ಉಪ್ಪು ಹೆಚ್ಚಾಗಿದೆ ಎಂದಷ್ಟೇ ಹೇಳಿ, ಸಜ್ಜೆ ತರಿಸಲು ಎದ್ದಳು.

ಪೈಪೋಟಿ ವ್ಯಾಪಾರ ಬೆಳೆಸುತ್ತದೆ ಎಂದು ಎಷ್ಟೋ ತರಬೇತಿಗಳಲ್ಲಿ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಸತ್ತವರ ಮನೆಯಲ್ಲಿ ಅದು ಮಾಡುವ ಕೆಲಸ ಬೇರೆ. ಬಂಡವಾಳ, ಮಷಿನ್ ನಾವು ಕೊಡಿಸಬಲ್ಲೆವು. ಬೆಳಗಾದರೆ ಹಾಸಿಗೆಯಿಂದ ಎಬ್ಬಿಸುವ ಎದುರಾಳಿಯನ್ನು ಕೊಡಿಸುವ ಯೋಜನೆ ನನ್ನ ಇಲಾಖೆಯಲ್ಲಿ ಇರಲಿಲ್ಲ.