ದೊಡ್ಡಮ್ಮನ ಹಾಡು ಇಲ್ಲದ ಅರಿಶಿನ ಶಾಸ್ತ್ರ

ವಿಜಯನಗರದಲ್ಲಿ ಬೇಕರಿಯೊಂದರ ಮೇಲೆ ನಮ್ಮ ಎಡಿಟಿಂಗ್ ರೂಮಿತ್ತು. ನಾನು ಮತ್ತು ನನ್ನ ಪಾಲುದಾರ, ಇಬ್ಬರೇ. ಅವನು ಕ್ಯಾಮೆರಾ ಹಿಡಿಯುತ್ತಿದ್ದ, ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದಾದರೂ ಸರಿ, ವಿಡಿಯೋ ಮಾಡಿ ಡಿವಿಡಿ ಕೊಡುವುದು ನಮ್ಮ ಕಸುಬು.

ಆ ಕಸುಬಿನ ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮದುವೆ ವಿಡಿಯೋದಲ್ಲಿ ನೀವು ಕೇಳುವ ಶಬ್ದ ಆ ಮದುವೆಯದಲ್ಲ. ಛತ್ರದ ಗದ್ದಲ, ಮೈಕಿನ ಕೀರಲು, ಊಟದ ಪಂಕ್ತಿಯ ಜಗಳ, ಇವನ್ನೆಲ್ಲ ತೆಗೆದು ಅದರ ಮೇಲೆ ಸಿನಿಮಾ ಹಾಡು ಹಾಕುತ್ತಿದ್ದೆವು. ಜನ ಕೇಳುತ್ತಿದ್ದುದೂ ಅದನ್ನೇ. ತಾಳಿ ಕಟ್ಟುವ ಹೊತ್ತಿಗೆ ಮಾತ್ರ ಗಟ್ಟಿಮೇಳ ಬೇಕು. ಅದಕ್ಕೆ ಯಾವುದೋ ಹಳೆಯ ಮದುವೆಯಲ್ಲಿ ಚೆನ್ನಾಗಿ ಬಂದ ಡೋಲು, ನಾಗಸ್ವರ ಒಂದಿಷ್ಟನ್ನು ಎತ್ತಿಟ್ಟುಕೊಂಡಿದ್ದೆವು. ಆರೇಳು ವರ್ಷ ನಾವು ಮಾಡಿದ ಮದುವೆಗಳಲ್ಲೆಲ್ಲ ಮಾಂಗಲ್ಯಧಾರಣೆಗೆ ಬಾರಿಸಿದ್ದು ಅದೇ ಡೋಲು. ಗಂಡು ಬೇರೆ, ಹೆಣ್ಣು ಬೇರೆ, ಡೋಲು ಒಂದೇ. ಒಬ್ಬರಿಗೂ ಗೊತ್ತಾಗಲಿಲ್ಲ.

ಆ ಆರೇಳು ವರ್ಷ ಮುಗಿಯುವ ಹೊತ್ತಿಗೆ ಎಚ್‌ಡಿ ಕ್ಯಾಮೆರಾ ಬಂತು. ಗಿರಾಕಿಗಳು ಮೊದಲು ಅದನ್ನೇ ಕೇಳತೊಡಗಿದರು, ನಾವೂ ಒಂದನ್ನು ಕೊಂಡೆವು. ಅದರಲ್ಲಿ ಟೇಪಿಲ್ಲ. ಹೆಬ್ಬೆರಳ ಉಗುರಿನಷ್ಟು ಕಾರ್ಡಿಗೆ ಇಡೀ ಮದುವೆ ಇಳಿಯುತ್ತಿತ್ತು. ಹೇಗೆ ಇಳಿಯುತ್ತಿತ್ತೆಂದರೆ, ಕಾಲಿನಿಂದ ತುಳಿದು ತುಳಿದು ತುಂಬಿದ ಹತ್ತಿ ಮೂಟೆಯ ಹಾಗೆ. ಆ ಮೂಟೆ ಬಿಚ್ಚುವ ಶಕ್ತಿ ನಮ್ಮ ಹಳೆಯ ಕಂಪ್ಯೂಟರಿಗೆ ಇರಲಿಲ್ಲ. ಫೈಲ್ ತೆರೆದರೆ ಮದುಮಗಳು ಒಂದು ಹೆಜ್ಜೆ ಇಟ್ಟು ನಿಂತುಬಿಡುವಳು. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಹೆಜ್ಜೆ, ಅದೂ ಚೂರುಚೂರಾಗಿ.

ಕೊನೆಗೆ ಒಂದು ದಾರಿ ಸಿಕ್ಕಿತು. ಕಾರ್ಡಿನ ಫೈಲುಗಳನ್ನು ಮೊದಲು ಒಂದು ಸಾಫ್ಟ್‌ವೇರಿಗೆ ಕೊಟ್ಟು, ನಮ್ಮ ಬಡ ಕಂಪ್ಯೂಟರ್ ತಡೆದುಕೊಳ್ಳುವಂಥ ಬೇರೆ ಫೈಲುಗಳಾಗಿ ಬದಲಾಯಿಸುವುದು. ಒಂದು ಗಂಟೆಯ ಚಿತ್ರ ಬದಲಾಗಲು ಅರ್ಧ ದಿನ ಹಿಡಿಯುತ್ತಿತ್ತು, ಆದರೆ ಆಮೇಲೆ ಎಡಿಟಿಂಗ್ ಸಲೀಸು. ತೊಂದರೆಯೆಂದರೆ, ಎರಡು ಮೂರು ಫೈಲಿಗೊಂದು ಸಲ ಶಬ್ದದ ವಿಷಯದಲ್ಲಿ ಏನೋ ತಕರಾರು ತೆಗೆದು ಕೆಲಸ ಅಲ್ಲೇ ನಿಂತುಬಿಡುತ್ತಿತ್ತು. ಹುಡುಕಿ ನೋಡಿದೆ. ‘ಆಡಿಯೋ’ ಎಂದು ಬರೆದ ಚೌಕದೊಳಗಿನ ಟಿಕ್ ತೆಗೆದರೆ ಎಲ್ಲವೂ ಸರಾಗ.

ಪಾಲುದಾರನನ್ನು ಕೇಳಿದೆ. ಅವನು ಬಾಯಲ್ಲಿ ಪಫ್ಸ್ ಇಟ್ಟುಕೊಂಡೇ ಹೇಳಿದ, “ತೆಗಿ ಗುರು. ಹೆಂಗಿದ್ರೂ ಸಾಂಗ್ ಹಾಕ್ತೀವಲ್ಲ. ಸೌಂಡ್ ಯಾರಪ್ಪನ ಮನೆ ಗಂಟು?”

ತೆಗೆದೆ. ಆ ಸೀಸನ್ನಿನ ಮದುವೆಗಳೆಲ್ಲ ಹಾಗೇ ಮೂಕವಾಗಿ ಬಂದವು. ಯಾರೂ ದೂರಲಿಲ್ಲ. ಟೇಪಿನ ಕಾಲದಲ್ಲಿ ಟೇಪುಗಳನ್ನು ಒಂದು ಟ್ರಂಕಿನಲ್ಲಿ ಎತ್ತಿಡುತ್ತಿದ್ದೆವು. ಈಗ ಇದ್ದದ್ದೇ ಎರಡು ಕಾರ್ಡು, ಮಾರನೆಯ ಮುಹೂರ್ತಕ್ಕೂ ಅವೇ ಬೇಕು. ಬದಲಾಯಿಸಿದ ಫೈಲಿನಲ್ಲಿ ಚಿತ್ರ ಬಂತಾ? ಬಂತು. ಕಾರ್ಡು ಅಳಿಸು.

ಅದೇ ಸೀಸನ್ನಿನಲ್ಲಿ ನನ್ನ ದೊಡ್ಡಮ್ಮನ ಹಿರಿಮಗಳ ಮದುವೆ ಬಂತು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಹೆಗ್ಗನಹಳ್ಳಿ ಇನ್ನೂ ಹಳ್ಳಿಯೇ ಆಗಿದ್ದಾಗ ಅಲ್ಲಿಗೆ ಸೊಸೆಯಾಗಿ ಹೋದವಳು. ಶಾಲೆಯ ರಜವೆಲ್ಲ ನಾನು ಅವಳ ಮನೆಯಲ್ಲೇ ಕಳೆದೆ. ಇವತ್ತು ನನ್ನ ಬಾಯಲ್ಲಿ ನಾಲ್ಕು ಒಳ್ಳೆಯ ಮಾತು ಬಂದರೆ ಅವು ಅವಳ ಬಾಯಿಂದ ಎತ್ತಿಕೊಂಡವು. ರಾಗಿ ಬೀಸುತ್ತ, ಅವರೆಕಾಯಿ ಸುಲಿಯುತ್ತ ಅವಳು ಆಡುತ್ತಿದ್ದ ಮಾತಿಗೆ ನಾನು ಕೈಕೆಲಸ ಬಿಟ್ಟು ಕೂತುಬಿಡುತ್ತಿದ್ದೆ. “ಬರೀ ಕಿವಿ ಕೊಟ್ರೆ ಆಗಲ್ಲ ಕಣೋ, ಕೈನೂ ಕೊಡು” ಎಂದು ಗದರುತ್ತಿದ್ದಳು.

ಅವಳಿಗೆ ಅರಿಶಿನ ಶಾಸ್ತ್ರದ ಹಾಡೊಂದು ಬರುತ್ತಿತ್ತು. ಅತ್ತೆಯಿಂದ ಕಲಿತದ್ದು. ಮದುಮಗಳ ಸ್ನಾನಕ್ಕೆ ನೀರು ತರುವ ಹಾಡು ಅದು. ನೀರು ಒಂದೊಂದು ಬಾವಿಯಿಂದಲೂ ಬರಬೇಕು, ಒಂದೊಂದು ಬಾವಿಗೂ ಹೆಸರಿದೆ, ಆ ಬಾವಿ ಯಾರ ಹೊಲದ್ದು, ಅದರ ನೀರು ಸಿಹಿಯೋ ಚೌಳೋ, ಅಲ್ಲಿ ಯಾವ ಹೆಣ್ಣು ಕಾಲು ಜಾರಿದ್ದಳು, ಎಲ್ಲವೂ ಹಾಡಿನಲ್ಲಿ. ಆ ಬಾವಿಗಳ ಮೇಲೆಲ್ಲ ಈಗ ಸೈಟುಗಳಾಗಿ, ಮೂರು ಮೂರು ಮಹಡಿಯ ಮನೆಗಳೆದ್ದಿವೆ. ನಮಗೆಲ್ಲ ಮೊದಲ ಎರಡು ಸಾಲು ಬರುತ್ತಿತ್ತು, ಅಷ್ಟೇ. ಮುಂದಿನದು ಅವಳೊಬ್ಬಳಿಗೆ.

ಅಕ್ಕನ ಅರಿಶಿನ ಶಾಸ್ತ್ರದ ದಿನ ಕ್ಯಾಮೆರಾ ನಾನೇ ಹಿಡಿದೆ. ಚಪ್ಪರದ ಕೆಳಗೆ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು. ಶುರು ಮಾಡುವ ಮುಂಚೆ ನನ್ನ ಕಡೆ ತಿರುಗಿ, “ಪೂರ್ತಿ ಹಿಡ್ಕೊಳಪ್ಪ. ಮಧ್ಯ ನಿಲ್ಲಿಸ್ಬೇಡ. ನಿನ್ ಪೆಟ್ಟಿಗೇಲಾದ್ರೂ ಇರ್ಲಿ” ಎಂದಳು. ಮುಕ್ಕಾಲು ಗಂಟೆ ಹಾಡಿದಳು. ನಾನು ನಿಲ್ಲಿಸಲಿಲ್ಲ.

ಈ ಸಲ ಟಿಕ್ ಹಾಕಲೇಬೇಕು ಎಂದುಕೊಂಡೇ ರೂಮಿಗೆ ಬಂದಿದ್ದೆ. ಹಾಕಿದೆ ಎಂದೇ ನಂಬಿದ್ದೆ. ಮಾರನೆಯ ದಿನ ಕೆಂಗೇರಿ ಉಪನಗರದಲ್ಲಿ ಇನ್ನೊಂದು ಮದುವೆಯಿತ್ತು. ಅವಸರದಲ್ಲಿ ಫೈಲುಗಳನ್ನು ಕೊಟ್ಟೆ, ಚಿತ್ರ ಬಂದದ್ದು ನೋಡಿದೆ, ಕಾರ್ಡು ಅಳಿಸಿದೆ. ಸ್ಪೀಕರಿನಲ್ಲಿ ಆಗ ಪಾಲುದಾರನ ಸಿನಿಮಾ ಹಾಡು ಓಡುತ್ತಿತ್ತು. ಅದು ಯಾವಾಗಲೂ ಓಡುತ್ತಿತ್ತು.

ಡಿವಿಡಿ ಮಾಡುವಾಗ ದೊಡ್ಡಪ್ಪ ಫೋನ್ ಮಾಡಿ, ಗಂಡಿನ ಕಡೆಯವರು ನೋಡುತ್ತಾರೆ, ಅರಿಶಿನದ ಭಾಗಕ್ಕೆ ಒಳ್ಳೆಯ ಸಿನಿಮಾ ಹಾಡು ಹಾಕಿಬಿಡು ಎಂದರು. ಹಾಕಿದೆ. ಅವಳ ದನಿ ಇದೆಯೇ ಎಂದು ಕೇಳಿ ನೋಡಲೂ ಇಲ್ಲ. ದೊಡ್ಡಮ್ಮ ಬಾವಿಗಳ ಹೆಸರು ಹೇಳುತ್ತಿದ್ದ ಬಾಯಿಗೆ ನಾಯಕಿಯೊಬ್ಬಳ ಪ್ರೇಮಗೀತೆ ಬಂದು ಕೂತಿತು. ಹೆಗ್ಗನಹಳ್ಳಿ ಮನೆಯಲ್ಲಿ ಎಲ್ಲರೂ ಕೂತು ನೋಡಿದರು. ಸೀರೆಯ ಒಂದೊಂದು ಎಳೆಯೂ ಕಾಣುತ್ತದೆ ಎಂದು ಹೊಗಳಿದರು, ನಾನು ಹಿಗ್ಗಿದೆ. ದೊಡ್ಡಮ್ಮ ಕಾಫಿ ಲೋಟ ಕೊಡುತ್ತ ಮೆಲ್ಲಗೆ ಕೇಳಿದಳು, “ಹಾಡು ಎಲ್ಲೋಯ್ತಪ್ಪ?”

“ಕಂಪ್ಯೂಟರಲ್ಲಿ ಭದ್ರವಾಗಿದೆ ದೊಡ್ಡಮ್ಮ. ನಿಂಗೇ ಅಂತ ಬೇರೆ ಸೀಡಿ ಮಾಡ್ಕೊಡ್ತೀನಿ” ಎಂದೆ.

ಮಾಡಿಕೊಡಲಿಲ್ಲ. ಮುಹೂರ್ತದ ಮೇಲೆ ಮುಹೂರ್ತ. ಮುಂದಿನ ವಾರ, ಮುಂದಿನ ವಾರ ಎನ್ನುವಷ್ಟರಲ್ಲಿ ದೊಡ್ಡಪ್ಪ ತೀರಿಕೊಂಡರು. ಬೆಳಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು.

ವರ್ಷ ತುಂಬುವುದರೊಳಗೆ ಶುಭಕಾರ್ಯ ಆಗಿಹೋಗಲಿ ಎಂದು ಹಿರಿಯರು ಕಿರಿಮಗಳ ಮದುವೆ ಗೊತ್ತು ಮಾಡಿದರು. ಆ ತಂಗಿ ಒಂದು ದಿನ ನಮ್ಮ ರೂಮಿನ ಮೆಟ್ಟಿಲು ಹತ್ತಿ ಬಂದಳು. ಕೂರಲೂ ಇಲ್ಲ.

“ಅಣ್ಣ, ಅಮ್ಮ ನನ್ ಅರಿಶಿಣಕ್ಕೆ ಹಾಡಲ್ವಂತೆ. ಮುತ್ತೈದೇರ ಹಾಡು ಅಂತಾಳೆ. ಅಕ್ಕನ್ ಮದ್ವೇಲಿ ಹಾಡಿದ್ದು ನಿನ್ ಹತ್ರ ಐತಲ್ಲ, ಅದನ್ನೇ ಹಾಕ್ಬಿಡೋಣ. ಅಮ್ಮನ ದನಿ ಕೇಳ್ಕೊಂಡೇ ನೀರು ಹಾಕುಸ್ಕೋತೀನಿ.”

ಅವಳ ಮುಂದೆಯೇ ಫೈಲ್ ತೆರೆದೆ. ಪರದೆಯ ಮೇಲೆ ದೊಡ್ಡಮ್ಮ, ಹಣೆಯಲ್ಲಿ ಕಾಸಗಲ ಕುಂಕುಮ. ಹಲ್ಲಿನ ಎಲೆಯಡಿಕೆ ಕಲೆ ಕೂಡ ಕಾಣುತ್ತಿತ್ತು. ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಸ್ಪೀಕರಿನ ವೈರು ಅಲ್ಲಾಡಿಸಿದೆ. ಬೇರೆ ಫೈಲ್ ತೆರೆದೆ, ಅದೂ ಹಾಗೇ. ಎಲ್ಲವನ್ನೂ ತೆರೆದೆ. ತಂಗಿ ನನ್ನ ಹೆಗಲ ಹಿಂದೆ ನಿಂತೇ ಇದ್ದಳು. “ಫಸ್ಟಿಂದ ಹಾಕಣ್ಣ” ಎಂದು ಬ್ಯಾಗಿನಿಂದ ಪೆನ್ನು, ಕಾಗದ ತೆಗೆದಳು. ತಾಯಿಯ ತುಟಿ ನೋಡುತ್ತ ಪದ ಬರೆದುಕೊಳ್ಳಲು ಹೊರಟಳು. ಸಂಜೆಯವರೆಗೆ ಕೂತು ಹನ್ನೊಂದು ಸಾಲು ಬರೆದಳು. ಮಧ್ಯೆ ಮಧ್ಯೆ ಜಾಗ ಖಾಲಿ.

ಅವಳು ಹೋದ ಮೇಲೆ ಪಾಲುದಾರನ ಮೇಲೆ ಹರಿಹಾಯ್ದೆ. ಅವನು, “ಬೇರೆಯವರ ಮದ್ವೇಲಿ ಎಷ್ಟ್ ಜನ ದೊಡ್ಡಮ್ಮಂದಿರು ಹಾಡಿದ್ರೋ ಮಗಾ, ಆಗ ನಿಂಗೆ ಉರೀಲಿಲ್ಲ” ಎಂದ. ಟಿಕ್ ತೆಗೆದ ಕೈ ನನ್ನದೇ.

ಮಾರನೆಯ ದಿನ ಹೆಗ್ಗನಹಳ್ಳಿಗೆ ಹೋದೆ. ದೊಡ್ಡಮ್ಮ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಹಾಡು ಹೋಯಿತೆಂದು ಹೇಳಿದೆ. ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಇನ್ನೊಂದು ಸಲ ಹಾಡು, ಇಲ್ಲೇ ಒಳಗೆ, ಬಾಗಿಲು ಹಾಕಿಕೊಂಡು, ಯಾರಿಗೂ ತಿಳಿಯುವುದಿಲ್ಲ ಎಂದು ಅಂಗಲಾಚಿದೆ.

“ಬಾಗ್ಲು ಹಾಕ್ಕೊಂಡು ಹಾಡೋ ಹಾಡಲ್ಲ ಕಣಪ್ಪ ಅದು” ಎಂದಳು.

ಪದಗಳನ್ನಾದರೂ ಬಾಯಲ್ಲಿ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ರಾಗ ಹಿಡಿಯದೆ ಪದ ಬಾಯಿಗೆ ಬರುವುದಿಲ್ಲವಂತೆ, ರಾಗ ಅವಳು ಹಿಡಿಯುವ ಹಾಗಿಲ್ಲವಂತೆ. ಯಾರು ಬೇಡ ಅಂದರು ಎಂದು ರೇಗಿದೆ. ಅವಳು ಆಗ ನನ್ನನ್ನು ನೋಡಿದಳು. “ಯಾರೂ ಬ್ಯಾಡ ಅಂದಿಲ್ಲ. ಹಾಡು ಅಂತ್ಲೂ ಯಾರೂ ಬರ್ಲಿಲ್ಲ. ನೀನ್ ಬಂದೆ, ನೀನೂ ಬಾಗ್ಲು ಹಾಕು ಅಂತೀಯ.”

ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಪ್ಪರದ ಕೆಳಗೇ ಬಂದು ಕೂತು ಹಾಡು ದೊಡ್ಡಮ್ಮ, ಯಾರು ಏನೆನ್ನುತ್ತಾರೋ ನೋಡೋಣ ಎಂದು ನನ್ನ ಬಾಯಿಗೆ ಬರಲೇ ಇಲ್ಲ. ನನಗೆ ಬೇಕಾಗಿದ್ದುದು ರೆಕಾರ್ಡಿಂಗ್.

ತಂಗಿಯ ಅರಿಶಿನ ಶಾಸ್ತ್ರಕ್ಕೂ ನಾನೇ ಕ್ಯಾಮೆರಾ ಹಿಡಿದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದೆ, ಶಬ್ದ ಬರುತ್ತಿದೆಯೇ ಎಂದು ಗಳಿಗೆಗೊಮ್ಮೆ ನೋಡುತ್ತಿದ್ದೆ. ನೆಂಟರ ಮನೆಗಳ ಅತ್ತಿಗೆಯರು ತಂಗಿ ಬರೆದ ಕಾಗದ ಹಿಡಿದು ಶುರು ಮಾಡಿದರು. ಮೊದಲ ಎರಡು ಸಾಲು ಗಟ್ಟಿಯಾಗಿ ಬಂತು. ಮೂರನೆಯದು ಒಬ್ಬೊಬ್ಬರದು ಒಂದೊಂದು ರಾಗ. ಐದನೆಯ ಸಾಲಿಗೆ ಒಬ್ಬಳು ನಕ್ಕಳು, ಇನ್ನೊಬ್ಬಳು “ಮುಂದೇನ್ರೇ?” ಎಂದಳು. ಆಮೇಲೆ ಯಾರೋ ಮೊಬೈಲಿನಲ್ಲಿ ಸಿನಿಮಾ ಹಾಡು ಹಾಕಲು ಹೋದರು. ಮೈತುಂಬ ಅರಿಶಿನ ಬಳಿದುಕೊಂಡು ಕೂತಿದ್ದ ತಂಗಿ ಬೇಡವೆಂದು ತಲೆಯಾಡಿಸಿದಳು. ನೀರು ಹಾಕಿದ್ದು ಮೌನದಲ್ಲೇ.

ಡಿವಿಡಿಗೆ ಯಾವ ಹಾಡು ಹಾಕಲಿ ಎಂದು ಆಮೇಲೆ ಕೇಳಿದೆ. “ಏನೂ ಹಾಕ್ಬೇಡಣ್ಣ. ಹೆಂಗೈತೋ ಹಂಗೇ ಕೊಡು” ಎಂದಳು.

ಹಾಗೇ ಕೊಟ್ಟೆ. ನಮ್ಮ ರೂಮಿನಿಂದ ಸ್ವಂತ ಶಬ್ದದೊಂದಿಗೆ ಹೊರಟ ಮೊದಲ ಮದುವೆ ಅದು. ಆ ಕಾರ್ಡನ್ನು ಅಳಿಸಲಿಲ್ಲ, ಈಗಲೂ ಬೀರುವಿನಲ್ಲಿದೆ. ಅತ್ತಿಗೆಯರು ತಡವರಿಸುವುದು, ನಗು, ತಂಬಿಗೆಯಿಂದ ನೀರು ಬೀಳುವುದು, ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಅದರ ಹಿಂದೆ, ಒಳಗಿನಿಂದ, ಪಾತ್ರೆ ತೊಳೆಯುವ ಸದ್ದು ಕೊನೆಯವರೆಗೂ ನಿಲ್ಲುವುದಿಲ್ಲ. ಅದು ದೊಡ್ಡಮ್ಮ. ಶಾಸ್ತ್ರ ಶುರುವಾಗುವ ಮುಂಚೆ ನೀರು ಕುಡಿಯಲು ಅಡುಗೆಮನೆಗೆ ಹೋಗಿದ್ದೆ. ಪಾತ್ರೆಗಳೆಲ್ಲ ಆಗಲೇ ತೊಳೆದು ಬೋರಲು ಹಾಕಿದ್ದವು.